ದೊಡ್ಡಪ್ಪನ ಸಾವು, ರಿಂಕಾರ್ಟನ ಹಾಡು

2021ರ ಮೇ ತಿಂಗಳಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ಏನಾಗಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ, ಆ ತಿಂಗಳು ಯಾರನ್ನೂ ಯಾರೂ ಹಾಗೆ ಕೇಳುತ್ತಿರಲಿಲ್ಲ. ದೊಡ್ಡಪ್ಪ ನಮ್ಮೂರ ಭಜನೆ ಮೇಳದ ಮುಖ್ಯ ಹಾಡುಗಾರ. ನಮ್ಮ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಸಾವಾದ ಮನೆಯ ಮುಂದೆ ರಾತ್ರಿಯೆಲ್ಲ ಕೂತು ತತ್ವಪದ ಹಾಡೋದು ವಾಡಿಕೆ. ಹಾರ್ಮೋನಿಯಂ, ತಾಳ, ಒಂದು ದಮ್ಮಡಿ, ನಡುನಡುವೆ ಕಾಫಿ. ಬೆಳಗಾಗುವ ಹೊತ್ತಿಗೆ ಅತ್ತು ಅತ್ತು ಸುಸ್ತಾದ ಮನೆಯವರು ಹಾಡು ಕೇಳುತ್ತಲೇ ಗೋಡೆಗೆ ಒರಗಿ ನಿದ್ದೆ ಹೋಗಿರುತ್ತಾರೆ. ನಲವತ್ತು ವರ್ಷ ಊರಿನ ಎಲ್ಲ ಸಾವುಗಳಿಗೂ ಹಾಡಿದ್ದ ದೊಡ್ಡಪ್ಪನ ಹೆಣ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಆಂಬುಲೆನ್ಸಿನಲ್ಲಿ ಬಂತು. ಹೊಲದಲ್ಲಿ ಆರು ಜನ ನಿಂತಿದ್ದರು. ಯಾರೂ ಹಾಡಲಿಲ್ಲ. ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ಅಣ್ಣ ಮಾಡಿದ ವಿಡಿಯೋ ಕಾಲ್‌ನಲ್ಲಿ ನೋಡಿದೆ. ನಡುವೆ ಎರಡು ಸಲ ನೆಟ್‌ವರ್ಕ್ ಹೋಯಿತು.

ಅದಾಗಿ ವಾರಕ್ಕೆ ನನ್ನ ಟೀಮಿನ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಒಂದು ಫಾರ್ವರ್ಡ್ ಕಳಿಸಿದ. ಮಂಗಳೂರಿನವನು, ಪ್ರಾಟೆಸ್ಟೆಂಟ್ ಕ್ರೈಸ್ತ. ಏನು ಹೇಳಬೇಕೋ ತೋಚದೆ ಕಳಿಸಿದ್ದ, ಅದು ಅರ್ಥವಾಗುತ್ತಿತ್ತು. ಫಾರ್ವರ್ಡಿನಲ್ಲಿ ಇದ್ದ ಕಥೆ ಇಷ್ಟು: 1637ರಲ್ಲಿ ಜರ್ಮನಿಯ ಒಂದು ಪಟ್ಟಣಕ್ಕೆ ಪ್ಲೇಗ್ ಬಂತು. ಅಲ್ಲಿನ ಪಾದ್ರಿ ಒಬ್ಬನೇ ನಾಲ್ಕು ಸಾವಿರಕ್ಕೂ ಹೆಚ್ಚು ಹೆಣ ಮಣ್ಣು ಮಾಡಿದ. ಅದರಲ್ಲಿ ಅವನ ಹೆಂಡತಿಯೂ ಒಬ್ಬಳು. ಇಷ್ಟೆಲ್ಲ ಆದ ಮೇಲೆ ಆತ ಕೂತು, ದೇವರಿಗೆ ಧನ್ಯವಾದ ಹೇಳುವ ಒಂದು ಹಾಡು ಬರೆದ. ಇವತ್ತಿಗೂ ಲೋಕದ ತುಂಬಾ ಅದನ್ನು ಹಾಡುತ್ತಾರೆ.

ನಿಜ ಹೇಳಬೇಕಂದ್ರೆ ಓದಿ ನನಗೆ ಸಿಟ್ಟು ಬಂತು. ಧನ್ಯವಾದ? ಯಾಕೆ? ಯಾವುದಕ್ಕೆ? ಫೋನ್ ಬದಿಗಿಟ್ಟೆ. ಆದರೆ ನಮ್ಮ ವೃತ್ತಿಯವರ ಚಾಳಿ ನಿಮಗೆ ಗೊತ್ತಲ್ಲ, ಸಿಟ್ಟು ಬಂದರೂ ಸರಿ, ಲಾಗ್ ತೆಗೆದು ನೋಡದೆ ಬಿಡೋದಿಲ್ಲ. ರಾತ್ರಿ ನಿದ್ದೆ ಬಾರದೆ ಆ ಪಾದ್ರಿ ಯಾರು ಅಂತ ಹುಡುಕಲು ಕೂತೆ. ಆಮೇಲಿನ ಎರಡು ವರ್ಷ ಆ ಹುಡುಕಾಟ ನನ್ನನ್ನು ಬಿಡಲಿಲ್ಲ.

ಮೊದಲು ಜಾಗ ಹೇಳಿಬಿಡುತ್ತೇನೆ. ಜರ್ಮನಿಯ ಪೂರ್ವಕ್ಕೆ ಸ್ಯಾಕ್ಸನಿ ಅಂತ ಪ್ರಾಂತ್ಯ. ಅದರಲ್ಲಿ ಲೈಪ್‌ಜಿಗ್ ದೊಡ್ಡ ನಗರ. ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ಐಲೆನ್‌ಬುರ್ಗ್ ಅನ್ನೋ ಪಟ್ಟಣ. ಬೆಂಗಳೂರಿನಿಂದ ನೆಲಮಂಗಲಕ್ಕೆ ಹೋದಷ್ಟು ದೂರ ಅಂದುಕೊಳ್ಳಿ. ಇಷ್ಟೇ ಜಾಗದಲ್ಲಿ, ಸುಮಾರು ನೂರು ವರ್ಷದೊಳಗೆ, ಮೂರು ಜನ ಸಂಕಟಕ್ಕೆ ಮೂರು ಥರದ ಉತ್ತರ ಕೊಟ್ಟರು. ಒಬ್ಬ ಪಾದ್ರಿ, ಒಬ್ಬ ತತ್ವಜ್ಞಾನಿ, ಒಬ್ಬ ಸಂಗೀತಗಾರ. ಮೂವರೂ ಲೂಥರನ ಹಾದಿಯ ಕ್ರೈಸ್ತರು. ಒಬ್ಬರನ್ನೊಬ್ಬರು ನೋಡಿದವರಲ್ಲ.

ಪಾದ್ರಿಯ ಹೆಸರು ಮಾರ್ಟಿನ್ ರಿಂಕಾರ್ಟ್. ಹುಟ್ಟಿದ್ದು 1586ರಲ್ಲಿ, ಇದೇ ಐಲೆನ್‌ಬುರ್ಗಿನಲ್ಲಿ. ಅಪ್ಪ ಮರದ ಪೀಪಾಯಿ ಮಾಡುವ ಕಸುಬಿನವನು. ಹುಡುಗನಿಗೆ ಒಳ್ಳೆ ಕಂಠ ಇತ್ತು, ಲೈಪ್‌ಜಿಗ್‌ನ ಸಂತ ಥಾಮಸ್ ಶಾಲೆಯಲ್ಲಿ ಸೀಟು ಸಿಕ್ಕಿತು. ಆ ಶಾಲೆಯ ಹುಡುಗರಿಗೆ ಓದಿನ ಜೊತೆ ಚರ್ಚಿನಲ್ಲಿ ಹಾಡುವ ಕೆಲಸವೂ ಇರುತ್ತಿತ್ತು. ಈ ಶಾಲೆಯ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1617ರ ಕೊನೆಗೆ ರಿಂಕಾರ್ಟ್ ತನ್ನ ಹುಟ್ಟೂರಿಗೇ ಪಾದ್ರಿಯಾಗಿ ಬಂದ. 1618ರಲ್ಲಿ ಮೂವತ್ತು ವರ್ಷದ ಯುದ್ಧ ಶುರುವಾಯಿತು. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಜಗಳ ಅಂತ ಹತ್ತಿಕೊಂಡದ್ದು ಆಮೇಲೆ ಯುರೋಪಿನ ರಾಜರೆಲ್ಲ ಕೈಹಾಕಿ ಜರ್ಮನ್ ನೆಲವನ್ನು ಸುಟ್ಟ ಯುದ್ಧ ಅದು. ಕೆಲವು ಪ್ರಾಂತ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಲ್ಲವಾದರು. ಕತ್ತಿಗಿಂತ ಹೆಚ್ಚಾಗಿ ಹಸಿವು ಮತ್ತು ರೋಗ ಕೊಂದವು. ಸೈನ್ಯಗಳಿಗೆ ಸಂಬಳ ಸರಿಯಾಗಿ ಬರುತ್ತಿರಲಿಲ್ಲ, ದಾರಿಯ ಊರುಗಳೇ ಅವರ ಸಂಬಳ. ಯುದ್ಧ ಮುಗಿದದ್ದು 1648ರಲ್ಲಿ, ರಿಂಕಾರ್ಟ್ ಸತ್ತದ್ದು 1649ರಲ್ಲಿ. ಅಂದರೆ ಈ ಮನುಷ್ಯ ಆ ಊರಿನಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷ, ಆ ಕೊನೆಯ ಒಂದು ವರ್ಷ ಬಿಟ್ಟರೆ, ಯುದ್ಧದ ವರ್ಷಗಳೇ.

ಐಲೆನ್‌ಬುರ್ಗಿಗೆ ಕೋಟೆಗೋಡೆ ಇತ್ತು. ಅದೇ ಅದರ ಪಾಲಿಗೆ ಮುಳುವಾಯಿತು. ಸುತ್ತಲಿನ ಹಳ್ಳಿಯವರು ಸೈನಿಕರಿಗೆ ಹೆದರಿ ಗೋಡೆಯೊಳಗೆ ಬಂದು ತುಂಬಿಕೊಂಡರು. 1637ರಲ್ಲಿ ಪ್ಲೇಗ್ ಹೊಕ್ಕಿತು. ಪಟ್ಟಣದಲ್ಲಿ ಸತ್ತವರು ಸುಮಾರು ಎಂಟು ಸಾವಿರ. ಮೇಲಿನ ಪಾದ್ರಿ ಊರು ಬಿಟ್ಟ, ಉಳಿದ ಇಬ್ಬರು ಸತ್ತರು, ಅವರನ್ನೂ ರಿಂಕಾರ್ಟನೇ ಮಣ್ಣು ಮಾಡಿದ. ದಿನಕ್ಕೆ 40, 50 ಹೆಣಗಳ ಮುಂದೆ ನಿಂತು ಪ್ರಾರ್ಥನೆ ಹೇಳಿದ. ಒಟ್ಟು 4,480 ಅಂತ ಲೆಕ್ಕ. ಮೇ ತಿಂಗಳಲ್ಲಿ ಹೆಂಡತಿಯೂ ಹೋದಳು. ಕೊನೆಕೊನೆಗೆ ಪ್ರಾರ್ಥನೆಗೂ ಪುರುಸೊತ್ತಿಲ್ಲದೆ ಉದ್ದುದ್ದ ಗುಂಡಿ ತೋಡಿ ಹೂಳಿದರು. ಪ್ಲೇಗ್ ಹಿಂದೆಯೇ ಬರ. ಬೀದಿಯಲ್ಲಿ ಸತ್ತುಬಿದ್ದ ಬೆಕ್ಕಿಗೆ, ಕಾಗೆಗೆ ಜನ ಕಿತ್ತಾಡಿದರಂತೆ. ರಿಂಕಾರ್ಟ್ ತನ್ನ ಮನೆಯಲ್ಲಿದ್ದದ್ದನ್ನೆಲ್ಲ ಹಂಚಿದ. ಆಮೇಲೆ ತನ್ನ ಮಕ್ಕಳ ಊಟ ಬಟ್ಟೆಗೆ ಮುಂದಿನ ಕೆಲವು ವರ್ಷಗಳ ಆದಾಯವನ್ನೇ ಅಡವಿಟ್ಟು ಸಾಲ ತಂದ.

1639ರಲ್ಲಿ ಸ್ವೀಡನ್ನಿನ ಸೈನ್ಯ ಬಂದು 30,000 ಥಾಲರ್ ಕೊಡಿ, ಇಲ್ಲದಿದ್ದರೆ ಊರು ಉಳಿಯೋದಿಲ್ಲ ಅಂತು. ಅಷ್ಟು ದುಡ್ಡು ಆ ಊರಲ್ಲಿ ಎಲ್ಲಿಂದ ಬರಬೇಕು? ರಿಂಕಾರ್ಟ್ ಹೋಗಿ ಬೇಡಿಕೊಂಡ, ಅವರು ಕೇಳಲಿಲ್ಲ. ಆತ ವಾಪಸ್ ಬಂದು ಜನರನ್ನು ಕೂಡಿಸಿ, ಮನುಷ್ಯರ ಹತ್ತಿರ ಕರುಣೆ ಸಿಗಲಿಲ್ಲ, ದೇವರ ಹತ್ತಿರ ಕೇಳೋಣ ಅಂತ ಮಂಡಿಯೂರಿ ಒಂದು ಹಳೇ ಕೀರ್ತನೆ ಹಾಡಿಸಿದ ಅಂತ ಕಥೆ. ಕೊನೆಗೆ ಸ್ವೀಡನ್ನರು 2,000 ಫ್ಲೊರಿನ್‌ಗೆ ಒಪ್ಪಿದರು. ಆ ಹಳೇ ಕೀರ್ತನೆಯ ಹೆಸರು 'ವೆನ್ ವಿರ್ ಇನ್ ಹ್ಯೋಕ್ಸ್ಟೆನ್ ನ್ಯೋಟೆನ್ ಝೈನ್', ಅಂದರೆ ನಾವು ಕಡುಕಷ್ಟದಲ್ಲಿರುವಾಗ ಅಂತ. ಇದನ್ನೂ ನೆನಪಿಟ್ಟುಕೊಳ್ಳಿ.

ಇಲ್ಲಿವರೆಗೆ ಫಾರ್ವರ್ಡ್ ಹೇಳಿದ್ದು ಸರಿ. ತಪ್ಪಿದ್ದು ಮುಖ್ಯವಾದ ಜಾಗದಲ್ಲೇ. ಆ ಧನ್ಯವಾದದ ಹಾಡು, 'ನುನ್ ಡಾಂಕೆಟ್ ಆಲೆ ಗಾಟ್', ಪ್ಲೇಗಿನ ನಂತರ ಬರೆದದ್ದಲ್ಲ. ಅದಕ್ಕೆ ಮೊದಲೇ ಇತ್ತು. ಅದು ಮೂಲದಲ್ಲಿ ಊಟದ ಹೊತ್ತಿನ ಪ್ರಾರ್ಥನೆ. ರಿಂಕಾರ್ಟ್ ತನ್ನ ಹೆಂಡತಿ ಮಕ್ಕಳ ಜೊತೆ ಊಟಕ್ಕೆ ಕೂತಾಗ ಹೇಳಿಕೊಳ್ಳಲಿ ಅಂತ ಬರೆದದ್ದು. ಹಳೆಯ ಸಿರಾಖನ ಗ್ರಂಥದ ಕೆಲವು ವಚನಗಳನ್ನು ತೆಗೆದುಕೊಂಡು ಪದ್ಯ ಮಾಡಿದ್ದ. ಇವತ್ತು ಎಲ್ಲರೂ ಹಾಡುವ ಅದರ ಧಾಟಿ ಬರ್ಲಿನ್ನಿನ ಯೊಹಾನ್ ಕ್ರೂಗರ್‌ನ ಹಾಡಿನ ಪುಸ್ತಕದಲ್ಲಿ 1647ರಲ್ಲಿ ಅಚ್ಚಾಯಿತು.

ಇದು ಗೊತ್ತಾದ ದಿನ ನನ್ನ ಸಿಟ್ಟು ಇಳಿಯಿತು. ಫಾರ್ವರ್ಡಿನ ಪಾದ್ರಿ ನನಗೆ ಮನುಷ್ಯನ ಥರ ಕಂಡಿರಲೇ ಇಲ್ಲ. ಹೆಂಡತಿಯನ್ನು ಹೂತು ಬಂದು ಥ್ಯಾಂಕ್ಸ್ ಅಂತ ಬರೆಯುವವನ ಜೊತೆ ನನಗೇನು ಮಾತು? ಆದರೆ ನಿಜವಾದ ರಿಂಕಾರ್ಟ್ ಬೇರೆ. ಆತ ತಟ್ಟೆಯಲ್ಲಿ ಅನ್ನ ಇದ್ದ ದಿನ, ಎದುರಿಗೆ ಹೆಂಡತಿ ಕೂತಿದ್ದ ದಿನ, ಒಂದು ಸಣ್ಣ ಪ್ರಾರ್ಥನೆ ಬರೆದ. ಆಮೇಲೆ ತಟ್ಟೆಯೂ ಖಾಲಿಯಾಯಿತು, ಎದುರಿನ ಜಾಗವೂ ಖಾಲಿಯಾಯಿತು. ಆ ವರ್ಷ ಅವನ ಮನೆಯಲ್ಲಿ ಆ ಪ್ರಾರ್ಥನೆ ಹೇಗೆ ಕೇಳಿಸಿರಬಹುದು ಅನ್ನೋದನ್ನ ನಾನು ಊಹಿಸಲು ಹೋಗೋದಿಲ್ಲ. ಪ್ಲೇಗ್ ಯಾಕೆ ಬಂತು ಅನ್ನೋದಕ್ಕಿಂತ ಇವತ್ತಿನ ನಲವತ್ತು ಹೆಣಕ್ಕೆ ಯಾರು ನಿಲ್ಲಬೇಕು ಅನ್ನೋ ಪ್ರಶ್ನೆ ಅವನ ಮುಂದಿತ್ತು. ಅದಕ್ಕೆ ಅವನ ನಂಬಿಕೆ ಉತ್ತರ ಕೊಟ್ಟಿತ್ತು: ನೀನು ನಿಲ್ಲಬೇಕು.

ಆದರೆ 'ಯಾಕೆ' ಅನ್ನೋ ಪ್ರಶ್ನೆ ಹಾಗೆಲ್ಲ ಸುಮ್ಮನಾಗೋದಿಲ್ಲ. ಅದನ್ನು ಕೇಳಿಯೇ ತೀರಬೇಕು ಅಂದವನು ಎರಡನೆಯವನು.

ಗಾಟ್‌ಫ್ರಿಡ್ ವಿಲ್ಹೆಲ್ಮ್ ಲೈಬ್ನಿಜ್ ಹುಟ್ಟಿದ್ದು 1646ರಲ್ಲಿ, ಲೈಪ್‌ಜಿಗ್‌ನಲ್ಲಿ. ಆಗ ನಗರ ಸ್ವೀಡನ್ ಸೈನ್ಯದ ಕೈಯಲ್ಲಿತ್ತು. ಯುದ್ಧ ಮುಗಿದಾಗ ಅವನು ಎರಡು ವರ್ಷದ ಕೂಸು. ಆರು ವರ್ಷಕ್ಕೆ ಅಪ್ಪ ಹೋದರು, ಅಪ್ಪನ ಪುಸ್ತಕಗಳು ಉಳಿದವು. ಬಿ.ಇ. ಓದಿದವರಿಗೆ ಲೈಬ್ನಿಜ್ ಹೊಸಬನಲ್ಲ. ಎಂ-1, ಎಂ-2 ಪೇಪರುಗಳಲ್ಲಿ ನಮ್ಮ ನಿದ್ದೆಗೆಡಿಸಿದ ಕ್ಯಾಲ್ಕುಲಸ್ಸಿಗೆ ನ್ಯೂಟನ್ನಿನ ಜೊತೆಗೆ ಅವನೂ ಜವಾಬ್ದಾರ. ಗುಣಾಕಾರ, ಭಾಗಾಕಾರ ಮಾಡುವ ಯಂತ್ರ ಕಟ್ಟಿ 1673ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ. 1703ರಲ್ಲಿ ಸೊನ್ನೆ ಮತ್ತು ಒಂದು, ಎರಡೇ ಅಂಕಿಯಲ್ಲಿ ಎಲ್ಲ ಲೆಕ್ಕ ಮಾಡಬಹುದು ಅಂತ ಲೇಖನ ಅಚ್ಚು ಹಾಕಿಸಿದ. ನಾನು ತಿನ್ನುತ್ತಿರುವ ಅನ್ನದಲ್ಲಿ ಅವನ ಋಣ ಇದೆ. ಅವನಿಗೆ ಬೈನರಿ ಬರೀ ಲೆಕ್ಕ ಆಗಿರಲಿಲ್ಲ. ಒಂದು ಅಂದರೆ ದೇವರು, ಸೊನ್ನೆ ಅಂದರೆ ಏನೂ ಇಲ್ಲದ್ದು, ಇವೆರಡರಿಂದ ಎಲ್ಲ ಸಂಖ್ಯೆಗಳೂ ಹುಟ್ಟುವ ಹಾಗೆ ಶೂನ್ಯದಿಂದ ದೇವರು ಸೃಷ್ಟಿ ಮಾಡಿದ ಅಂತ ಅದರಲ್ಲಿ ಅವನಿಗೆ ಕಾಣುತ್ತಿತ್ತು. ಈ ಚಿತ್ರ ಇರುವ ಒಂದು ಪದಕ ಮಾಡಿಸಿ ಅಂತ 1697ರಲ್ಲಿ ಒಬ್ಬ ಡ್ಯೂಕ್‌ಗೆ ಪತ್ರ ಕೂಡ ಬರೆದ.

1710ರಲ್ಲಿ ಅವನ 'ಥಿಯೋಡಿಸಿ' ಅನ್ನೋ ಪುಸ್ತಕ ಬಂತು. ಪದವೂ ಅವನದೇ ಸೃಷ್ಟಿ, ದೇವರ ನ್ಯಾಯ ಅನ್ನೋ ಅರ್ಥದ ಎರಡು ಗ್ರೀಕ್ ಪದ ಕೂಡಿಸಿದ್ದು. ಪ್ರಶ್ಯಾದ ರಾಣಿ ಸೋಫಿ ಷಾರ್ಲಾಟ್ ಜೊತೆ ಅವನು ಆಡುತ್ತಿದ್ದ ಮಾತುಕತೆಗಳಿಂದ ಹುಟ್ಟಿದ ಪುಸ್ತಕ ಅದು. ಪುಸ್ತಕ ಬರುವ ಮೊದಲೇ, 1705ರಲ್ಲಿ, 36ನೇ ವಯಸ್ಸಿಗೆ ರಾಣಿ ತೀರಿಕೊಂಡಿದ್ದಳು. ಪ್ರಶ್ನೆ ಹಳೆಯದೇ. ದೇವರು ಒಳ್ಳೆಯವನು, ಎಲ್ಲ ಬಲ್ಲವನು, ಎಲ್ಲ ಮಾಡಬಲ್ಲವನು ಅನ್ನೋದಾದರೆ ಕೇಡು ಎಲ್ಲಿಂದ ಬಂತು?

ಲೈಬ್ನಿಜನ ಉತ್ತರ ಎಂಜಿನಿಯರುಗಳಿಗೆ ಬೇಗ ಅರ್ಥವಾಗುತ್ತದೆ. ಸಾಧ್ಯವಿರುವ ಲೋಕಗಳು ಲೆಕ್ಕವಿಲ್ಲದಷ್ಟು. ಒಂದೊಂದರಲ್ಲೂ ಒಂದಕ್ಕೊಂದು ಹೆಣೆದುಕೊಂಡ ಕಟ್ಟುಪಾಡುಗಳು. ಇಲ್ಲಿ ಒಂದು ನೋವು ತೆಗೆದರೆ ಇನ್ನೆಲ್ಲೋ ಒಂದು ಒಳ್ಳೆಯದು ಕೂಡ ಹೋಗುತ್ತದೆ. ಅಷ್ಟೂ ಲೋಕಗಳನ್ನು ತೂಗಿ, ಒಟ್ಟು ಲೆಕ್ಕದಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದನ್ನು ದೇವರು ಆರಿಸಿದ. ನಾವಿರುವುದು ಅದರಲ್ಲಿ. ಪರ್ಫೆಕ್ಟ್ ಅಲ್ಲ, ಆದರೆ ಇದಕ್ಕಿಂತ ಒಳ್ಳೆಯದು ಸಾಧ್ಯವಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಆಪ್ಟಿಮೈಸೇಶನ್.

ಇದನ್ನು ಓದಿ ನಗುವುದು ಸುಲಭ. ಆದರೆ ಲೈಬ್ನಿಜ್ ಆರಾಮ ಕುರ್ಚಿಯ ಮನುಷ್ಯ ಅಲ್ಲ. ಯುದ್ಧದ ಬೂದಿಯಲ್ಲಿ ಬೆಳೆದವನು. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಚರ್ಚುಗಳನ್ನು ಮತ್ತೆ ಒಂದು ಮಾಡಬೇಕು ಅಂತ ಹಲವು ವರ್ಷ ಪತ್ರ ಬರೆದು ಬರೆದು ಸೋತವನು. ವಾದ ಬಂದರೆ ಜನ ಕತ್ತಿ ಹಿಡಿಯದೆ ಲೆಕ್ಕ ಮಾಡಿ ತೀರ್ಮಾನಿಸುವಂಥ ಭಾಷೆಯೊಂದನ್ನು ಕಟ್ಟುವ ಕನಸು ಕಂಡವನು. ಲೋಕಕ್ಕೆ ಒಂದು ಅರ್ಥ ಇದೆ ಅಂತ ತೋರಿಸಿದರೆ ಮನುಷ್ಯರು ಕೊಲ್ಲೋದು ನಿಲ್ಲಿಸುತ್ತಾರೆ ಅಂತ ಅವನಿಗೆ ಆಸೆ ಇತ್ತು ಅನಿಸುತ್ತದೆ. 1716ರಲ್ಲಿ ಹ್ಯಾನೋವರಿನಲ್ಲಿ ಸತ್ತಾಗ ಅವನನ್ನು ಕೆಲಸಕ್ಕಿಟ್ಟುಕೊಂಡಿದ್ದ ಅರಮನೆಯಿಂದ ಮಣ್ಣಿಗೆ ಬಂದವರು ಅವನ ಕಾರ್ಯದರ್ಶಿ ಬಿಟ್ಟರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಅವನ ಉತ್ತರಕ್ಕೆ ಪರೀಕ್ಷೆ ಬಂದದ್ದು ಅವನು ಸತ್ತು 39 ವರ್ಷದ ಮೇಲೆ. 1755ರ ನವೆಂಬರ್ 1, ಎಲ್ಲ ಸಂತರ ಹಬ್ಬ. ಪೋರ್ಚುಗಲ್ಲಿನ ಲಿಸ್ಬನ್ ನಗರದ ಜನ ಬೆಳಿಗ್ಗೆ ಚರ್ಚುಗಳಲ್ಲಿ ತುಂಬಿದ್ದರು. ಭೂಮಿ ನಡುಗಿ ಆ ಚರ್ಚುಗಳೇ ಅವರ ಮೇಲೆ ಬಿದ್ದವು. ಹಬ್ಬಕ್ಕೆ ಹಚ್ಚಿದ್ದ ಮೇಣದಬತ್ತಿಗಳಿಂದ ಬೆಂಕಿ. ಬಯಲಿಗೆ ಅಂತ ನದಿ ದಂಡೆಗೆ ಓಡಿದವರ ಮೇಲೆ ಸುನಾಮಿ. ಹತ್ತಾರು ಸಾವಿರ ಜನ ಸತ್ತರು. ಫ್ರಾನ್ಸಿನ ವಾಲ್ಟೇರ್ ಮೊದಲು ಒಂದು ಪದ್ಯ ಬರೆದ, ಆಮೇಲೆ 1759ರಲ್ಲಿ 'ಕ್ಯಾಂಡೀಡ್' ಬರೆದ. ಅದರಲ್ಲಿ ಪ್ಯಾಂಗ್ಲಾಸ್ ಅನ್ನೋ ಪಂಡಿತ ಏನೇ ಅನಾಹುತವಾದರೂ ಎಲ್ಲ ಒಳ್ಳೆಯದಕ್ಕೇ ಅನ್ನುತ್ತಾ ಹೋಗುತ್ತಾನೆ. ಯುರೋಪ್ ಬಿದ್ದು ಬಿದ್ದು ನಕ್ಕಿತು. ಲೈಬ್ನಿಜನ ಮಾತು ಅಲ್ಲಿಗೆ ಮುಗಿಯಿತು ಅಂತ ಎಷ್ಟೋ ಜನ ಅಂದುಕೊಂಡರು.

ನನಗೆ ಈ ಕಥೆಯಲ್ಲಿ ಹಿಡಿಸಿದ್ದು ನಗು ಅಲ್ಲ, ಆಮೇಲೆ ನಡೆದದ್ದು. ಅದೇ ವಿಷಯಕ್ಕೆ ರೂಸೋ ವಾಲ್ಟೇರ್‌ಗೆ ಪತ್ರ ಬರೆದು ಒಂದು ಮಾತು ಕೇಳಿದ: ಅಲ್ಲಿ ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದವರು ಯಾರು, ಪ್ರಕೃತಿಯಾ? ಕೋನಿಗ್ಸ್‌ಬರ್ಗಿನಲ್ಲಿ ಮೂವತ್ತು ದಾಟಿದ್ದ ಇಮ್ಯಾನುಯೆಲ್ ಕಾಂಟ್ 1756ರಲ್ಲಿ ಭೂಕಂಪದ ಮೇಲೆ ಮೂರು ಲೇಖನ ಬರೆದ, ದೇವರ ಸಿಟ್ಟು ಅಂತ ಅಲ್ಲದೆ ನೆಲದ ಕೆಳಗೆ ಕಾರಣ ಹುಡುಕಿದ. ಹುಡುಕಿದ ಕಾರಣ ತಪ್ಪಾಗಿತ್ತು, ಹುಡುಕಿದ ದಿಕ್ಕು ಸರಿ ಇತ್ತು. ಲಿಸ್ಬನ್ನಿನ ಮಂತ್ರಿ ಪೊಂಬಾಲ್ ಪ್ರತಿ ಚರ್ಚಿಗೂ ಒಂದು ಪ್ರಶ್ನಾವಳಿ ಕಳಿಸಿದ: ಎಷ್ಟು ಹೊತ್ತು ನಡುಗಿತು, ಎಷ್ಟು ಮನೆ ಬಿದ್ದವು, ಎಷ್ಟು ಜನ ಸತ್ತರು, ಸಮುದ್ರ ಎಷ್ಟು ಏರಿತು. ಹೊಸ ಮನೆಗಳ ಗೋಡೆಯೊಳಗೆ ಮರದ ಪಂಜರ ಕಟ್ಟಿಸಿದ. ಅದರ ಮಾದರಿ ಕಟ್ಟಿ, ಸುತ್ತ ಸೈನಿಕರಿಂದ ಕವಾಯತು ಮಾಡಿಸಿ ನಡುಕ ಬರಿಸಿ ಪರೀಕ್ಷೆ ಮಾಡಿದರು ಅಂತ ಹೇಳುತ್ತಾರೆ.

ಪ್ರೊಡಕ್ಷನ್‌ನಲ್ಲಿ ಏನಾದರೂ ಬಿದ್ದುಹೋದರೆ ನಾವು ಆರ್‌ಸಿಎ ಬರೆಯುತ್ತೇವಲ್ಲ, ರೂಟ್ ಕಾಸ್ ಅನಾಲಿಸಿಸ್. ಪೊಂಬಾಲ್ ಮಾಡಿದ್ದು ಅದೇ. 'ಯಾಕೆ' ಅಂತ ಪಟ್ಟುಹಿಡಿದು ಕೇಳುವ ಜನ ಇಲ್ಲದಿದ್ದರೆ ಅದು 'ಹೇಗೆ' ಅನ್ನೋ ಪ್ರಶ್ನೆಯಾಗಿ ತಿರುಗುತ್ತಲೂ ಇರಲಿಲ್ಲ. 2021ರಲ್ಲಿ ಅಣ್ಣ ಒಂದು ಆಕ್ಸಿಜನ್ ಸಿಲಿಂಡರಿಗಾಗಿ ಮೂರು ಊರು ಅಲೆದ. ಅದು ವಿಧಿ, ಋಣ ತೀರಿತು ಅಂತ ಯಾರೋ ಸಮಾಧಾನ ಹೇಳಿದಾಗ ಅವನು ಎದ್ದು ಹೊರಗೆ ಹೋದ. ಅವನಿಗೆ ಬೇಕಿದ್ದದ್ದು ಆರ್‌ಸಿಎ. ಅದು ಅವನಿಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಸರಿ, ಆರ್‌ಸಿಎ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಆ ರಾತ್ರಿ ಮನೆಯಲ್ಲಿ ಕೂತ ದೊಡ್ಡಮ್ಮನಿಗೆ ಅದರಿಂದ ಏನು? ಇಲ್ಲಿ ಮೂರನೆಯವನು ಬರುತ್ತಾನೆ.

ಯೊಹಾನ್ ಸೆಬಾಸ್ಟಿಯನ್ ಬಾಖ್ 1685ರಲ್ಲಿ ಐಸೆನಾಖ್‌ನಲ್ಲಿ ಹುಟ್ಟಿದ. ಒಂಬತ್ತು ವರ್ಷಕ್ಕೆ ಅಮ್ಮ ಹೋದಳು, ವರ್ಷದೊಳಗೆ ಅಪ್ಪನೂ ಹೋದ. ಅಣ್ಣನ ಮನೆಯಲ್ಲಿ ಬೆಳೆದ. 1720ರಲ್ಲಿ ರಾಜಕುಮಾರನ ಜೊತೆ ಕಾರ್ಲ್ಸ್‌ಬಾಡ್‌ಗೆ ಹೋಗಿದ್ದವನು ಮನೆಗೆ ಬಂದಾಗ ಹೆಂಡತಿ ಮಾರಿಯಾ ಬಾರ್ಬರಾ ಸತ್ತು, ಮಣ್ಣೂ ಆಗಿತ್ತು. ಹೊರಟಾಗ ಗಟ್ಟಿಮುಟ್ಟಾಗಿದ್ದವಳು. ವಿಡಿಯೋ ಕಾಲ್ ಕೂಡ ಇಲ್ಲದ ಕಾಲ. ಎರಡು ಮದುವೆಯಿಂದ ಒಟ್ಟು 20 ಮಕ್ಕಳು, ದೊಡ್ಡವರಾದವರು 10. ಅರ್ಧಕ್ಕರ್ಧ ಮಕ್ಕಳನ್ನು ಕೈಯಾರೆ ಮಣ್ಣಿಗಿಟ್ಟ ಅಪ್ಪ ಅವನು.

1723ರಲ್ಲಿ ಬಾಖ್ ಲೈಪ್‌ಜಿಗ್‌ಗೆ ಬಂದ. ಯಾವ ಕೆಲಸಕ್ಕೆ? ಸಂತ ಥಾಮಸ್ ಶಾಲೆಯ ಹಾಡಿನ ಮೇಷ್ಟ್ರ ಕೆಲಸಕ್ಕೆ. ನೂರು ವರ್ಷಕ್ಕೂ ಹಿಂದೆ ಪುಟ್ಟ ರಿಂಕಾರ್ಟ್ ಹಾಡುತ್ತಿದ್ದ ಅದೇ ಶಾಲೆ. ಸಾಯುವವರೆಗೆ, 27 ವರ್ಷ, ಅಲ್ಲೇ ಇದ್ದ. ಮೊದಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಕಂಟಾಟಾ ಬರೆದು, ಪ್ರತಿ ತೆಗೆಸಿ, ಹುಡುಗರಿಗೆ ಹೇಳಿಕೊಟ್ಟು ಭಾನುವಾರಕ್ಕೆ ಸಿದ್ಧ ಮಾಡುತ್ತಿದ್ದ. ನಮ್ಮ ಸ್ಪ್ರಿಂಟ್ ಡೆಡ್‌ಲೈನುಗಳ ಬಗ್ಗೆ ಗೊಣಗುವಾಗ ನನಗೆ ಈಗೀಗ ನಾಚಿಕೆಯಾಗುತ್ತದೆ. 1725ರ ಅಕ್ಟೋಬರ್ 31ಕ್ಕೆ ಬರೆದ ಕಂಟಾಟಾದಲ್ಲಿ ರಿಂಕಾರ್ಟನ ಊಟದ ಪ್ರಾರ್ಥನೆ ಬರುತ್ತದೆ, ಕೊಂಬು ನಗಾರಿಗಳ ಜೊತೆ. ಕೇಳಿ ನೋಡಿ, ಆ ಚಿಕ್ಕ ಪ್ರಾರ್ಥನೆ ರಥೋತ್ಸವಕ್ಕೆ ಹೊರಟ ಹಾಗಿದೆ.

ಬಾಖ್‌ನ ಉತ್ತರ ಏನು ಅಂತ ನನಗೆ ಅರ್ಥವಾದದ್ದು ಮಾತ್ರ 'ಸಂತ ಮತ್ತಾಯನ ಪ್ಯಾಷನ್' ಕೇಳಿದಾಗ. ಇದು ಯೇಸು ಶಿಲುಬೆಗೇರಿದ ಕಥೆ, 1727ರ ಶುಭ ಶುಕ್ರವಾರದಂದು ಮೊದಲು ಹಾಡಿದ್ದು ಅಂತ ಬಲ್ಲವರು ಹೇಳುತ್ತಾರೆ. ಅದರಲ್ಲೊಂದು ಜಾಗ. ಕೊನೆಯ ಊಟಕ್ಕೆ ಕೂತಾಗ ಯೇಸು, ನಿಮ್ಮಲ್ಲೇ ಒಬ್ಬ ನನ್ನನ್ನು ಹಿಡಿದುಕೊಡುತ್ತಾನೆ ಅನ್ನುತ್ತಾನೆ. ಶಿಷ್ಯರು ಗಾಬರಿಯಾಗಿ ನಾನಾ, ನಾನಾ ಅಂತ ಮೇಲಿಂದ ಮೇಲೆ ಕೇಳುತ್ತಾರೆ. ಬೈಬಲ್ಲಿನಲ್ಲಿ ಅದಕ್ಕೆ ಯೇಸು ಉತ್ತರ ಕೊಡುತ್ತಾನೆ. ಬಾಖ್ ಆ ಉತ್ತರ ಬರುವ ಮೊದಲು ಕಥೆಯನ್ನು ನಿಲ್ಲಿಸಿಬಿಡುತ್ತಾನೆ. ಎಲ್ಲರಿಗೂ ಗೊತ್ತಿರುವ ಒಂದು ಹಳೇ ಕೀರ್ತನೆಯ ಚರಣ ಅಲ್ಲಿ ಬರುತ್ತದೆ, ತಪ್ಪು ನನ್ನದು ಅಂತ ಒಪ್ಪಿಕೊಳ್ಳುವ ಚರಣ. ಸಾವಿರದ ಏಳುನೂರು ವರ್ಷ ಹಿಂದಿನ ಕಥೆ ಕೇಳುತ್ತಾ ಕೂತವನು ಇದ್ದಕ್ಕಿದ್ದ ಹಾಗೆ ಕಥೆಯೊಳಗೆ ಬಂದುಬಿಡುತ್ತಾನೆ. ಆ ಚರಣ ಬರೆದವನು ಪೌಲ್ ಗೆರ್ಹಾರ್ಟ್, ಅವನೂ ಮೂವತ್ತು ವರ್ಷದ ಯುದ್ಧ ಕಂಡ ಪಾದ್ರಿ, ಐದು ಮಕ್ಕಳಲ್ಲಿ ನಾಲ್ಕನ್ನು ಕಳೆದುಕೊಂಡವನು. ಸಂಕಟ ಯಾಕೆ ಬಂತು ಅಂತ ಈ ಸಂಗೀತ ವಿವರಿಸೋದಿಲ್ಲ. ಸಂಕಟದಲ್ಲಿರುವವನ ಪಕ್ಕಕ್ಕೆ ನಮ್ಮನ್ನು ಕರೆದುಕೊಂಡು ಹೋಗಿ ಕೂರಿಸುತ್ತದೆ. ಮೂರು ಗಂಟೆ ಏಳೋದಕ್ಕೆ ಬಿಡೋದಿಲ್ಲ. ನಮ್ಮೂರಿನಲ್ಲಿ ರಾತ್ರಿಯೆಲ್ಲ ಹೆಣದ ಮುಂದೆ ಕೂರುತ್ತಿದ್ದದ್ದು ಇದಕ್ಕೇ ಅಂತ ಆವತ್ತು ಅನಿಸಿತು.

1750ರಲ್ಲಿ ಬಾಖ್‌ಗೆ ಕಣ್ಣು ಕಾಣದಾಯಿತು. ಊರೂರು ಸುತ್ತುತ್ತಿದ್ದ ಇಂಗ್ಲಿಷ್ ಕಣ್ಣಿನ ವೈದ್ಯ ಜಾನ್ ಟೇಲರ್ ಎರಡು ಸಲ ಆಪರೇಷನ್ ಮಾಡಿದ, ಇದ್ದಬದ್ದ ದೃಷ್ಟಿಯೂ ಹೋಯಿತು. ಜುಲೈ 28ಕ್ಕೆ ಬಾಖ್ ಸತ್ತ. ಮುಂದಿನ ವರ್ಷ ಅವನ 'ಆರ್ಟ್ ಆಫ್ ಫ್ಯೂಗ್' ಅಚ್ಚಾದಾಗ ಕೊನೆಗೆ ಒಂದು ಚಿಕ್ಕ ಆರ್ಗನ್ ರಚನೆ ಸೇರಿಸಿದರು. ಕುರುಡನಾಗಿ ಮಲಗಿದ್ದಾಗ ಗೆಳೆಯನಿಗೆ ಬಾಯಿಂದ ಹೇಳಿ ಬರೆಸಿದ್ದು ಅಂತ ಅದರಲ್ಲೇ ಸೂಚನೆ ಕೊಟ್ಟರು. ಯಾವ ಕೀರ್ತನೆಯ ಧಾಟಿ ಗೊತ್ತಾ? 'ವೆನ್ ವಿರ್ ಇನ್ ಹ್ಯೋಕ್ಸ್ಟೆನ್ ನ್ಯೋಟೆನ್ ಝೈನ್'. ಐಲೆನ್‌ಬುರ್ಗಿನಲ್ಲಿ ಸ್ವೀಡನ್ ಸೈನ್ಯ ಬಾಗಿಲಿಗೆ ಬಂದಾಗ ರಿಂಕಾರ್ಟ್ ಮಂಡಿಯೂರಿ ಹಾಡಿಸಿದ ಅಂತ ಹೇಳುವ ಅದೇ ಕೀರ್ತನೆ.

ಇದನ್ನು ಓದಿದಾಗ ಮೈ ಜುಮ್ ಅಂತು. ಆದರೆ ಫಾರ್ವರ್ಡಿನಿಂದ ಒಂದು ಸಲ ಬುದ್ಧಿ ಕಲಿತಿದ್ದೆನಲ್ಲ, ಲಾಗ್ ನೋಡಿದೆ. ಮರಣಶಯ್ಯೆಯಲ್ಲಿ ಹೊಸದಾಗಿ ಹುಟ್ಟಿದ ರಚನೆ ಅಲ್ಲ ಅದು. ಬಾಖ್ ಎಷ್ಟೋ ವರ್ಷ ಹಿಂದೆ, ಚಿಕ್ಕವನಾಗಿದ್ದಾಗ, ಇದೇ ಧಾಟಿಗೆ ಒಂದು ಪುಟ್ಟ ರಚನೆ ಮಾಡಿದ್ದ. ಅದನ್ನೇ ಹಿಗ್ಗಿಸಿ, ತಿದ್ದಿ, ಕೊನೆಗಾಲದಲ್ಲಿ ಮತ್ತೆ ಕೈಗೆತ್ತಿಕೊಂಡ. ರಿಂಕಾರ್ಟನ ವಿಷಯದಲ್ಲಿ ಆದದ್ದೇ ಇಲ್ಲೂ. ಜನಕ್ಕೆ ನೋವಿನಿಂದ ಕಲೆ ಹುಟ್ಟಿತು ಅನ್ನೋ ಕಥೆ ಇಷ್ಟ. ಈ ಇಬ್ಬರ ವಿಷಯದಲ್ಲಂತೂ ನಡೆದದ್ದು ತಿರುವುಮುರುವು. ಹಾಡು ಮೊದಲೇ ಇತ್ತು. ಸಾಧಾರಣ ದಿನಗಳಲ್ಲಿ ಊಟದ ಮುಂದೆ, ಪಾಠದ ನಡುವೆ ಬಾಯಿಪಾಠವಾಗಿತ್ತು. ನೋವು ಬಂದ ದಿನ ಹೊಸದೇನನ್ನೂ ಕಟ್ಟುವ ಶಕ್ತಿ ಇರೋದಿಲ್ಲ, ಇದ್ದದ್ದಕ್ಕೆ ಕೈ ಚಾಚಬೇಕು. ಬ್ಯಾಕಪ್ ತೆಗೆಯೋದು ಡಿಸ್ಕ್ ಹೋಗುವ ಮೊದಲು, ಹೋದ ಮೇಲಲ್ಲ.

ಹಾಡಿಗೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. 1757ರ ಡಿಸೆಂಬರ್ 5ರಂದು ಲೋಯ್ಟೆನ್ ಕಾಳಗ ಗೆದ್ದ ಪ್ರಶ್ಯಾದ ಸೈನಿಕರು ಹೆಣಗಳ ನಡುವೆ ನಿಂತು ರಿಂಕಾರ್ಟನ ಹಾಡನ್ನು ಹಾಡಿದರು. 1914ರ ಆಗಸ್ಟ್ 1ರಂದು ಯುದ್ಧಕ್ಕೆ ಸೈನ್ಯ ಹೊರಡಲಿ ಅಂತ ಆಜ್ಞೆಯಾದಾಗ ಬರ್ಲಿನ್ ಅರಮನೆಯ ಮುಂದೆ ನೆರೆದ ಜನ ಅದನ್ನೇ ಹಾಡಿದರು. ಯುದ್ಧದಲ್ಲಿ ಬೆಂದ ಮನುಷ್ಯನ ಊಟದ ಪ್ರಾರ್ಥನೆ ಯುದ್ಧದ ಜೈಕಾರವಾಯಿತು. ಹಾಡು ಯಾರ ಬಾಯಿಗೆ ಬೇಕಾದರೂ ಹೋಗುತ್ತದೆ, ಬೇಡ ಅನ್ನೋದು ಅದಕ್ಕೆ ಗೊತ್ತಿಲ್ಲ. ಇಂಥ ಕಡೆ ಲೈಬ್ನಿಜನಂಥವರು, ವಾಲ್ಟೇರನಂಥವರು ಬೇಕು, ಏನಕ್ಕೆ ಹಾಡುತ್ತಿದ್ದೀರಿ ಅಂತ ಕೇಳೋದಕ್ಕೆ. 1955ರಲ್ಲಿ ಸೋವಿಯತ್ ಸೆರೆಯಿಂದ ಬಿಡುಗಡೆಯಾದ ಕೊನೆಯ ಜರ್ಮನ್ ಸೈನಿಕರು ಫ್ರೀಡ್‌ಲಾಂಡ್ ಶಿಬಿರಕ್ಕೆ ಬಂದಿಳಿದಾಗಲೂ ಇದೇ ಹಾಡು ಹಾಡಿದರು. ಅಲ್ಲಿಗೆ ಹಾಡು ಮತ್ತೆ ಮನೆ ಊಟದ ಹತ್ತಿರಕ್ಕೆ ಬಂದ ಹಾಗಾಯಿತು.

ಲೈಪ್‌ಜಿಗ್‌ನಲ್ಲಿ ಒಂದು ತಮಾಷೆ ನಡೆದಿದೆ. 1883ರಲ್ಲಿ ಥಾಮಸ್ ಚರ್ಚಿನ ಅಂಗಳದಲ್ಲಿ ಲೈಬ್ನಿಜನ ಪ್ರತಿಮೆ ನಿಲ್ಲಿಸಿದರು. ಇಪ್ಪತ್ತು ಚಿಲ್ಲರೆ ವರ್ಷ ಕಳೆದ ಮೇಲೆ ಬಾಖ್‌ನ ಹೊಸ ಪ್ರತಿಮೆಗೆ ಜಾಗ ಬೇಕಾಯಿತು. ತತ್ವಜ್ಞಾನಿಯನ್ನು ಎತ್ತಿ ವಿಶ್ವವಿದ್ಯಾಲಯದ ಕಡೆಗೆ ಸಾಗಿಸಿದರು, ಸಂಗೀತಗಾರ 1908ರಲ್ಲಿ ಆ ಅಂಗಳಕ್ಕೆ ಬಂದ. ಜಾಗ ಬದಲಾಯಿತೇ ಹೊರತು ಇಬ್ಬರೂ ಅದೇ ಊರಲ್ಲಿ ಇವತ್ತಿಗೂ ನಿಂತಿದ್ದಾರೆ. ಒಬ್ಬರಿಂದ ಇನ್ನೊಬ್ಬರ ಹತ್ತಿರ ನಡೆದೇ ಹೋಗಬಹುದು.

ಇದನ್ನೆಲ್ಲ ಮಂಗಳೂರಿನ ಗೆಳೆಯನಿಗೆ ಹೇಳಿದೆ. ಅವನ ಫಾರ್ವರ್ಡ್ ತಪ್ಪು ಅಂತ ತಿದ್ದುವ ಉತ್ಸಾಹವೂ ಸ್ವಲ್ಪ ಇತ್ತು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಾಗ ಅಚ್ಚುಕೂಟ, ಹೆಂಚಿನ ಕಾರ್ಖಾನೆಗಳಿಗಿಂತ ಮೊದಲು ಅವರ ಬಾಯಲ್ಲಿ ಬಂದದ್ದು ಈ ಧಾಟಿಗಳೇ ಅಂದ. ಜರ್ಮನ್ ಧಾಟಿಗೆ ಕನ್ನಡ ಮಾತು ಕೂಡಿಸಿದ ಕೀರ್ತನೆಗಳ ಪುಸ್ತಕ ಅವನ ಅಜ್ಜಿಯ ದಿಂಬಿನ ಪಕ್ಕದಲ್ಲಿ ಇರುತ್ತಿತ್ತಂತೆ. ಅಜ್ಜಿಗೆ ಕಣ್ಣು ಮಂಜಾದ ಮೇಲೂ ಪುಟ ತಿರುವುತ್ತಿದ್ದರಂತೆ, ಹಾಡು ಬಾಯಿಗೆ ಬರುತ್ತಿತ್ತು. "ಮಾರಾಯಾ, ಅದು ಯಾವಾಗ ಬರೆದದ್ದು ಅಂತ ಅಜ್ಜಿಗೆ ಯಾಕೆ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ನನಗಂತೂ ಅದು ಬೇಕಿತ್ತು.

ಮರುವರ್ಷ ಮೇ ತಿಂಗಳಲ್ಲಿ ದೊಡ್ಡಪ್ಪನ ವರ್ಷದ ಕಾರ್ಯಕ್ಕೆ ಊರಿಗೆ ಹೋದೆ. ಮೇಳದವರು ಬಂದಿದ್ದರು. ಆವತ್ತು ಬರೋಕ್ಕಾಗಲಿಲ್ಲ, ಇವತ್ತು ಬೆಳಗಿನವರೆಗೂ ಹಾಡ್ತೀವಿ ಅಂತ ದೊಡ್ಡಮ್ಮನಿಗೆ ಹೇಳಿದರು. ದೊಡ್ಡಪ್ಪ ಕೂರುತ್ತಿದ್ದ ಜಾಗದಲ್ಲಿ ಅವರ ಹಾರ್ಮೋನಿಯಂ 'ಇಲ್ಲಿ ಯಾರಾದರೂ ಕೂತ್ಕೊಳ್ಳಿ' ಅನ್ನೋ ಹಾಗೆ ಸುಮ್ಮನೆ ಇತ್ತು. ಮೇಳದ ಹಿರಿಯರೊಬ್ಬರು ನನ್ನ ಕಡೆ ನೋಡಿ, "ಬಾರಪ್ಪ, ನೀನಾದ್ರೂ ದನಿ ಸೇರಿಸು, ನಿಮ್ಮ ದೊಡ್ಡಪ್ಪ ಹಾಡ್ತಿದ್ದ ಪದವೇ" ಅಂದರು. ಚಿಕ್ಕಂದಿನಿಂದ ನೂರು ಸಲ ಕೇಳಿದ ಪದ. ಬಾಯಿ ತೆಗೆದರೆ ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಬೈನರಿ ಬರುತ್ತದೆ, ಬಾಖ್ ಸತ್ತ ತಾರೀಖು ಬರುತ್ತದೆ, ಎರಡನೇ ಸಾಲು ಬರಲಿಲ್ಲ. ಸುಮ್ಮನೆ ತಾಳ ಹಾಕಿದೆ.

ಈಗ ತಿಂಗಳಿಗೆ ಎರಡು ಸಲ ಊರಿಗೆ ಹೋದಾಗ ಆ ಹಿರಿಯರ ಹತ್ತಿರ ಕೂತು ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಹನ್ನೊಂದು ಆಗಿವೆ. ಬಾಯಿಪಾಠ ಆಗಿರೋದು ನಾಲ್ಕು. ಶ್ರುತಿ ಇನ್ನೂ ಸರಿಯಾಗಿ ಕೂರುತ್ತಿಲ್ಲ. ದೊಡ್ಡಮ್ಮ ಒಳಗಿನಿಂದ ಕೇಳಿಸಿಕೊಂಡು, ಎಲ್ಲಿ ತಪ್ಪಿದೆನೋ ಅಲ್ಲಿಂದ ಎತ್ತಿಕೊಡುತ್ತಾರೆ.